ಒಂದು ರೆಫರಲ್ ಲೆಟರ್, ಮೂರು ಭಾಷೆ: ಕಾಸರಗೋಡಿನ ನರ್ಸ್ ಒಬ್ಬಳ ಇಂಗ್ಲಿಷ್ ವ್ಯಾಕರಣದ ಪ್ರಕರಣ

ಬದಿಯಡ್ಕ ಕಡೆಯ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಆಮೇಲೆ ಪ್ಲಸ್ ಟೂ, ಆಮೇಲೆ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್. ಈಗ ಅಲ್ಲೇ ಒಂದು ಆಸ್ಪತ್ರೆಯ ಆರ್ಥೋ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಗೆ ಹೋದರೆ ಮಲಯಾಳ. ವಾರ್ಡಿನಲ್ಲಿ ಈ ಮೂರರಲ್ಲೂ ಪೇಷೆಂಟ್ ಹತ್ತಿರ ಮಾತಾಡುತ್ತಾಳೆ. ಬ್ಯಾರಿ ಭಾಷೆಯೂ ತಕ್ಕಮಟ್ಟಿಗೆ ಬರುತ್ತದೆ. ಹೆಸರು ಬೇಡ, ‘ಅವಳು’ ಅಂತಲೇ ಬರೆಯುತ್ತೇನೆ.

ಅವಳಿಗೆ ಯುಕೆಗೆ ಹೋಗಬೇಕು. ಅದಕ್ಕೆ ಓಇಟಿ ಪರೀಕ್ಷೆ ಪಾಸಾಗಬೇಕು. ಡಾಕ್ಟರು, ನರ್ಸುಗಳಿಗೆ ಅಂತಲೇ ಇರುವ ಇಂಗ್ಲಿಷ್ ಪರೀಕ್ಷೆ ಅದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಪ್ರತಿಯೊಂದಕ್ಕೂ 500ರಲ್ಲಿ ಅಂಕ. 350ರಿಂದ 440ರವರೆಗೆ ಬಿ ಗ್ರೇಡ್, 300ರಿಂದ 340ರವರೆಗೆ ಸಿ ಪ್ಲಸ್. ಯುಕೆಯ ನರ್ಸಿಂಗ್ ಕೌನ್ಸಿಲ್‌ನವರು ಮೂರು ಭಾಗಕ್ಕೆ ಬಿ ಕೇಳುತ್ತಾರೆ, ಬರವಣಿಗೆಗೆ ಮಾತ್ರ ಸಿ ಪ್ಲಸ್ ಆದರೂ ಸಾಕು. ಅವಳಿಗೆ ಮೂರರಲ್ಲಿ ಬಿ ಬಂದಿತ್ತು. ಬರವಣಿಗೆಯಲ್ಲಿ 260.

ಬರವಣಿಗೆ ಅಂದರೆ ಒಂದೇ ಒಂದು ಪತ್ರ. ಪೇಷೆಂಟಿನ ಕೇಸ್ ನೋಟ್ಸ್ ಕೊಡುತ್ತಾರೆ. ಐದು ನಿಮಿಷ ಓದಲಿಕ್ಕೆ, ನಲವತ್ತು ನಿಮಿಷ ಬರೆಯಲಿಕ್ಕೆ. ಬೇರೆ ಡಾಕ್ಟರಿಗೋ ಹೋಂ ಕೇರ್ ನರ್ಸಿಗೋ 180ರಿಂದ 200 ಪದಗಳ ಒಂದು ಲೆಟರ್. ಆರು ಅಂಶ ನೋಡಿ ಅಂಕ ಹಾಕುತ್ತಾರೆ. ಅದರಲ್ಲಿ ಭಾಷೆ ಒಂದು. ಹಾಗಾಗಿ ವ್ಯಾಕರಣ ಒಂದೇ ಎಲ್ಲ ಅಲ್ಲ ನಿಜ. ಆದರೆ ಕ್ರಿಯಾಪದ ಕೈಕೊಟ್ಟರೆ ಉಳಿದ ಅಂಶಗಳೂ ಜೊತೆಗೆ ಬೀಳುತ್ತವೆ. ಪೇಷೆಂಟಿಗೆ ಜ್ವರ ಈಗ ಉಂಟೋ, ಬಿಟ್ಟುಹೋಯಿತೋ ಅಂತ ಓದುವವರಿಗೆ ಗೊತ್ತಾಗದಿದ್ದರೆ ಆ ಪತ್ರ ಎಂತಕ್ಕೆ?

ಅವಳು ಮೊದಲು ಒಂದು ಕೋಚಿಂಗ್ ಸೆಂಟರಿಗೆ ಹೋಗಿದ್ದಳು. ಅಲ್ಲಿ ಹನ್ನೆರಡು ಟೆನ್ಸ್‌ಗಳ ಪಟ್ಟಿ ಕೊಟ್ಟಿದ್ದರು. ಆ ಪಟ್ಟಿ ಅವಳಿಗೆ ಬಾಯಿಪಾಠ. ಪ್ರೆಸೆಂಟ್ ಪರ್ಫೆಕ್ಟ್ ಅಂದರೆ ಎಂತ ಅಂತ ಕೇಳಿದರೆ ಸೂತ್ರ ಹೇಳುತ್ತಿದ್ದಳು, ಉದಾಹರಣೆ ಕೊಡುತ್ತಿದ್ದಳು, ಬಿಟ್ಟ ಸ್ಥಳ ತುಂಬಿಸಿದರೆ ಹೆಚ್ಚುಕಮ್ಮಿ ಎಲ್ಲ ಸರಿ. ಪತ್ರ ಬರೆದ ಕೂಡಲೇ ಎಲ್ಲ ಮಾಯ. ನನ್ನ ಹತ್ತಿರ ಬಂದಾಗ ಅವಳ ದೂರು ಒಂದೇ: “ಗ್ರಾಮರ್ ಬರ್ತದೆ ಮಾಷ್ಟ್ರೇ, ಬರೀಲಿಕ್ಕೆ ಬರುವುದಿಲ್ಲ.”

ಮೊದಲ ಪತ್ರ

ವಿದೇಶದ ಮಾದರಿ ನೋಟ್ಸ್ ಬದಿಗಿಟ್ಟು ಊರಿನದೇ ಒಂದು ಕೇಸ್ ಕೊಟ್ಟೆ. 52 ವರ್ಷದ ಗಂಡಸು. ಹತ್ತು ವರ್ಷದಿಂದ ಶುಗರ್. ಜುಲೈ 3ರಂದು ಅಡಿಕೆಗೆ ಮದ್ದು ಬಿಡುವಾಗ ಮರದಿಂದ ಬಿದ್ದ. ಎಡಗಾಲಿಗೆ ಫ್ರ್ಯಾಕ್ಚರ್. ಅದೇ ದಿನ ಅಡ್ಮಿಟ್. ಎಕ್ಸ್‌ರೇ, ಆಪರೇಶನ್. ಸೋಮವಾರದಿಂದ ವಾಕರ್ ಹಿಡಿದು ನಡೆಯುತ್ತಾನೆ. ಎಡ ಮೊಣಕಾಲಲ್ಲಿ ಇನ್ನೂ ನೋವು. ಊರಿನ ಪಾಲಿಯೇಟಿವ್ ನರ್ಸಿಗೆ, ಅಂದರೆ ಮನೆಗೆ ಬಂದು ಆರೈಕೆ ಮಾಡುವವರಿಗೆ, ಪತ್ರ ಬರೆಯಬೇಕು. ಮಳೆಗಾಲದಲ್ಲಿ ಇಂಥ ಕೇಸು ಅವಳ ವಾರ್ಡಿಗೆ ಹೊಸದಲ್ಲ. ವಿಷಯ ಅರ್ಥ ಆಗದೆ ತಪ್ಪಾಯಿತು ಅಂತ ಹೇಳುವ ಹಾಗಿಲ್ಲ, ಅದಕ್ಕೇ ಇದನ್ನು ಆರಿಸಿದ್ದು.

ಅವಳು ಬರೆದದ್ದರ ಒಂದು ತುಂಡು:

“ಹಿ ಹ್ಯಾಸ್ ಅಡ್ಮಿಟೆಡ್ ಆನ್ ಥರ್ಡ್ ಜುಲೈ. ಹಿ ಈಸ್ ಹ್ಯಾವಿಂಗ್ ಡಯಾಬಿಟಿಸ್ ಸಿನ್ಸ್ ಟೆನ್ ಇಯರ್ಸ್. ಎಕ್ಸ್‌ರೇ ಟೇಕನ್, ಫ್ರ್ಯಾಕ್ಚರ್ ಸೀನ್. ಹಿ ಈಸ್ ವಾಕಿಂಗ್ ವಿತ್ ವಾಕರ್ ಸಿನ್ಸ್ ಮಂಡೇ. ಪೇಷೆಂಟ್ ಕಂಪ್ಲೇಂಟ್ಸ್ ಆಫ್ ಪೇನ್ ಇನ್ ಲೆಫ್ಟ್ ನೀ.”

ಕೆಂಪು ಪೆನ್ನು ಹಿಡಿದು ಕೂತರೆ ಕಾಗದ ಪೂರ್ತಿ ಕೆಂಪಾಗುತ್ತಿತ್ತು. ನಾನು ಹಿಡಿಯಲಿಲ್ಲ. ಅವಳ ಹಳೆಯ ಅಭ್ಯಾಸದ ಪತ್ರಗಳನ್ನೂ ತರಿಸಿ, ಎಲ್ಲ ತಪ್ಪುಗಳನ್ನು ಬೇರೆ ಕಾಗದದಲ್ಲಿ ಗುಂಪು ಗುಂಪು ಮಾಡಿ ಬರೆದುಕೊಂಡೆ. ಬೇಸರದ ಕೆಲಸ, ಹೊತ್ತೂ ಹಿಡಿಯುತ್ತದೆ. ಆದರೆ ಕಲಿಸುವವನು ಮಾಡಬೇಕಾದ ಮುಖ್ಯ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ನೂರು ತಪ್ಪು ಅಂತ ಕಂಡದ್ದು ನಾಲ್ಕೈದು ತಪ್ಪೇ ಮತ್ತೆ ಮತ್ತೆ ಬಂದದ್ದು ಅಂತ ಆಗ ಗೊತ್ತಾಗುತ್ತದೆ.

ಈ ಗುಂಪುಗಳಿಗೆ ಮೂಲ ಎರಡು. ಒಂದು ಮನೆಯ ಭಾಷೆಗಳು, ಅದು ನಿರೀಕ್ಷೆ ಇತ್ತು. ಇನ್ನೊಂದು ಕೇಸ್ ಶೀಟ್. ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತಾರು ಸಲ ಅವಳು ಬರೆಯುವುದು “ಪೇಷೆಂಟ್ ಕಾನ್ಶಿಯಸ್, ಓರಿಯೆಂಟೆಡ್, ವೈಟಲ್ಸ್ ಸ್ಟೇಬಲ್” ಅಂತ. ಅದರಲ್ಲಿ ‘ಈಸ್’ ಇಲ್ಲ, ‘ದ’ ಇಲ್ಲ. ಇರಬೇಕಾಗಿಯೂ ಇಲ್ಲ, ಅದು ನೋಟ್ಸ್. ‘ಎಕ್ಸ್‌ರೇ ಟೇಕನ್, ಫ್ರ್ಯಾಕ್ಚರ್ ಸೀನ್’ ಬಂದದ್ದು ಸೀದಾ ಅಲ್ಲಿಂದ. ‘ಕಂಪ್ಲೇಂಟ್ಸ್ ಆಫ್’ ಕೂಡ ಹಾಗೆಯೇ. ಕೇಸ್ ಶೀಟಿನಲ್ಲಿ ‘ಸಿ, ಓರೆಗೆರೆ, ಒ’ ಅಂತ ಬರೆದು ಬರೆದು ಪೂರ್ತಿ ರೂಪ ‘ಕಂಪ್ಲೇನ್ಸ್ ಆಫ್’ ಅನ್ನುವುದು ಎಷ್ಟೋ ಜನರಿಗೆ ಮರೆತೇ ಹೋಗಿದೆ. ಕಂಪ್ಲೇಂಟ್ ನಾಮಪದ, ಕಂಪ್ಲೇನ್ ಕ್ರಿಯಾಪದ. ಇದನ್ನು ಒಂದು ಸಲ ತೋರಿಸಿದ್ದಷ್ಟೇ, ಆಮೇಲೆ ಆ ತಪ್ಪು ಬರಲಿಲ್ಲ.

ಉಳಿದವು ಅಷ್ಟು ಸುಲಭಕ್ಕೆ ಹೋಗಲಿಲ್ಲ.

ನಿನ್ನೆ ಬಂದಿದ್ದಾರೆ

ಜಾಸ್ತಿ ಹೊತ್ತು ತಿಂದದ್ದು ಪ್ರೆಸೆಂಟ್ ಪರ್ಫೆಕ್ಟ್. ಇಂಗ್ಲಿಷಿನಲ್ಲಿ ಒಂದು ಸಂಗತಿ ಇಂಥ ತಾರೀಕಿಗೆ, ದಿನಕ್ಕೆ, ಹೊತ್ತಿಗೆ ಆಗಿ ಮುಗಿಯಿತು ಅಂತ ಹೇಳಿದ ಮೇಲೆ ‘ಹ್ಯಾಸ್’ ಬರುವಂತಿಲ್ಲ. ‘ಆನ್ ಥರ್ಡ್ ಜುಲೈ’ ಅಂದ ಮೇಲೆ ‘ವಾಸ್’ ಆಗಲೇಬೇಕು. ಈ ನಿಯಮ ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಪತ್ರದಲ್ಲೂ ತಪ್ಪುತ್ತಿದ್ದಳು. ಯಾಕೆ ಅಂತ ಕೇಳಿದರೆ ಅವಳೇ ಕೊಟ್ಟ ಉತ್ತರ ಚೆನ್ನಾಗಿತ್ತು: “ಪೇಷೆಂಟ್ ನಿನ್ನೆ ಅಡ್ಮಿಟ್ ಆಗಿದ್ದಾರೆ ಅಂತ ಹೇಳ್ತೇವಲ್ಲ, ಅದರಲ್ಲಿ ತಪ್ಪೆಂತ?”

ಕನ್ನಡದಲ್ಲಿ ತಪ್ಪೇನೂ ಇಲ್ಲ. ‘ನಿನ್ನೆ ಬಂದಿದ್ದಾರೆ’, ‘ಹೋದ ವರ್ಷ ಮನೆ ಕಟ್ಟಿಸಿದ್ದಾರೆ’ ಅಂತ ನಾವು ದಿನಾ ಹೇಳುತ್ತೇವೆ. ನಮ್ಮ ‘ಇದ್ದಾರೆ’ಗೆ ‘ನಿನ್ನೆ’ ಜೊತೆ ಜಗಳ ಇಲ್ಲ. ಇಂಗ್ಲಿಷಿನ ‘ಹ್ಯಾಸ್’ಗೆ ಉಂಟು. ‘ಬಂದಿದ್ದಾರೆ’ ಅಂದರೆ ‘ಹ್ಯಾಸ್ ಕಮ್’ ಅಂತ ಶಾಲೆಯಲ್ಲಿ ಒಮ್ಮೆ ತಲೆಗೆ ಹತ್ತಿಸಿಬಿಟ್ಟರೆ ಆಮೇಲೆ ಕನ್ನಡ ಅದರ ಪಾಡಿಗೆ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಹಾಗಾಗಿ ಕನ್ನಡ ಬಿಟ್ಟು ತುಳುವಿಗೆ ಹೋದೆವು. ಮಾತು ನಡೆದದ್ದು ಹೀಗೆ:

“ಡಾಕ್ಟರ್ ವಾರ್ಡಿಗೆ ಬಂದಿದ್ದಾರೆ, ಈಗ ಇಲ್ಲೇ ಇದ್ದಾರೆ. ತುಳುವಿನಲ್ಲಿ ಹೇಳು.”

“ಡಾಕ್ಟರ್ ಬೈದೆರ್.”

“ನಿನ್ನೆ ಎಷ್ಟು ಗಂಟೆಗೆ ಬಂದರು ಅಂತ ಯಾರೋ ಕೇಳಿದರು. ಹತ್ತು ಗಂಟೆಗೆ.”

“ಕೋಡೆ ಪತ್ತ್ ಗಂಟೆಗ್ ಬತ್ತೆರ್.”

“ಮೊದಲು ಬೈದೆರ್ ಅಂದೆ. ಈಗ ಬತ್ತೆರ್ ಅಂದೆ. ಯಾಕೆ?”

ಅವಳು ಸುಮ್ನೆ ಕೂತಳು. ಆಮೇಲೆ ತಾನೇ ಹೇಳಿದಳು: ಬೈದೆರ್ ಅಂದರೆ ಈಗಿನ ಸಂಗತಿ, ಡಾಕ್ಟರ್ ಇದ್ದಾರೆ, ಕೇಸ್ ಶೀಟ್ ರೆಡಿ ಇಟ್ಟುಕೊಳ್ಳಬೇಕು. ಬತ್ತೆರ್ ಅಂದರೆ ಬಂದದ್ದು ಯಾವಾಗ ಅಂತ ಅಷ್ಟೇ.

ತುಳುವಿನಲ್ಲಿ ಈ ಎರಡು ಬೇರೆ ಬೇರೆ ರೂಪ. ತೂಯೆ (ನೋಡಿದ), ತೂತೆ (ನೋಡಿದ್ದಾನೆ). ಪೋಯೆ (ಹೋದ), ಪೋತೆ (ಹೋಗಿದ್ದಾನೆ). ಬತ್ತೆ (ಬಂದ), ಬೈದೆ (ಬಂದಿದ್ದಾನೆ). ಮನೆಯಲ್ಲಿ ತುಳು ಆಡುವ ಮಗು ಯಾರೂ ಕಲಿಸದೆ ಇದನ್ನು ಸರಿಯಾಗಿ ಬಳಸುತ್ತದೆ. ‘ಬೈದೆರ್’ ಪೂರ್ತಿ ‘ಹ್ಯಾಸ್ ಕಮ್’ ಅಲ್ಲ. ತುಳುವಿನ ಗೆರೆ ಇಂಗ್ಲಿಷಿನಷ್ಟು ಕಟ್ಟುನಿಟ್ಟಿಲ್ಲ, ‘ಬಂದಿದ್ದರು’ ಅನ್ನುವ ಅರ್ಥದಲ್ಲೂ ಅದೇ ರೂಪ ಬರುತ್ತದೆ. ಆದರೆ ಹಿಡಿದುಕೊಳ್ಳಲಿಕ್ಕೆ ಒಂದು ಕೊಂಬೆ ಸಾಕಿತ್ತು. ಅಲ್ಲಿಂದ ಮುಂದೆ ಪತ್ರದ ಪ್ರತಿ ಕ್ರಿಯಾಪದಕ್ಕೂ ಅವಳು ಕೇಳಿಕೊಳ್ಳುತ್ತಿದ್ದದ್ದು ಒಂದೇ ಪ್ರಶ್ನೆ: ಇದು ಬತ್ತೆಯೋ, ಬೈದೆಯೋ? ಜುಲೈ 3 ಅಂತ ಉಂಟಾ, ಬತ್ತೆ. ಹಾಗಾದರೆ ‘ವಾಸ್ ಅಡ್ಮಿಟೆಡ್’. ದಿನ ಹೇಳಿಲ್ಲ, ಈಗಿನ ಸ್ಥಿತಿಗೆ ಸಂಬಂಧ ಉಂಟಾ, ಬೈದೆ. ಹಾಗಾದರೆ ‘ಹಿಸ್ ಪೇನ್ ಹ್ಯಾಸ್ ರೆಡ್ಯೂಸ್ಡ್’.

ನೈಟ್ ಡ್ಯೂಟಿ ಮುಗಿಸಿ ಊರಿಗೆ ಬರುವಾಗ, ಬಸ್ಸು ತಲಪಾಡಿ ದಾಟಿದ ಮೇಲೆ, ಆ ದಿನದ ಒಬ್ಬ ಪೇಷೆಂಟಿನ ಕಥೆಯನ್ನು ಹೆಸರು, ಗುರುತು ಬಿಟ್ಟು ತುಳುವಿನಲ್ಲೇ ವಾಯ್ಸ್ ಮೆಸೇಜ್ ಮಾಡಬೇಕು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕಳಿಸಬೇಕು ಅಂತ ಮಾಡಿದೆವು. ಕೆಲವು ದಿನ ಅವಳು ನಿದ್ದೆ ಹೋಗಿ ಕುಂಬಳೆಯಲ್ಲಿ ಇಳಿಯುವುದೇ ಕಷ್ಟ ಆಗುತ್ತಿತ್ತಂತೆ, ಆ ದಿನ ಮೆಸೇಜ್ ಇಲ್ಲ. ಇದ್ದ ದಿನ ಮಾತ್ರ ತುಳುವಿಗೂ ಇಂಗ್ಲಿಷಿಗೂ ಮಧ್ಯೆ ಕನ್ನಡ ನುಸುಳದಿರುವುದು ಕಾಣುತ್ತಿತ್ತು. ಕನ್ನಡ ಮಾಷ್ಟ್ರು ಒಬ್ಬ ಹೀಗೆ ಬರೆಯಬಾರದೇನೋ!

ಹತ್ತು ವರ್ಷದಿಂದ, ಸೋಮವಾರದಿಂದ

‘ಸಿನ್ಸ್ ಟೆನ್ ಇಯರ್ಸ್’ ನಮ್ಮ ಕಡೆಯ ಇಂಗ್ಲಿಷಿನ ಸಹಿ ಇದ್ದ ಹಾಗೆ, ಪ್ರೊಫೆಸರುಗಳೂ ಹೇಳುತ್ತಾರೆ. ಕಾರಣ ನಮ್ಮ ‘ಇಂದ’. ಹತ್ತು ವರ್ಷದಿಂದ, ಸೋಮವಾರದಿಂದ, ಎರಡಕ್ಕೂ ಅದೇ ಪ್ರತ್ಯಯ. ತುಳುವೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಮಲಯಾಳ ಬರುತ್ತದೆ. ‘ತಿಂಗಳಾಯ್ಚ ಮುದಲ್’ ಅಂದರೆ ಸೋಮವಾರದಿಂದ. ‘ಪತ್ತ್ ಕೊಲ್ಲಮಾಯಿ’ ಅಂದರೆ ಹತ್ತು ವರ್ಷದಿಂದ. ಶುರುವಾದ ದಿನ ಹೇಳಿದರೆ ‘ಮುದಲ್’, ಎಷ್ಟು ಕಾಲ ಅಂತ ಹೇಳಿದರೆ ‘ಆಯಿ’. ಮೊದಲನೆಯದು ಸಿನ್ಸ್, ಎರಡನೆಯದು ಫಾರ್. ಇದನ್ನು ಹೇಳಿದಾಗ ಅವಳು ನಕ್ಕಳು. ಪೇಟೆಯಲ್ಲಿ ಇಷ್ಟು ವರ್ಷ ಮಾತಾಡಿದ ಮಲಯಾಳ ಯುಕೆಗೆ ಹೋಗಲಿಕ್ಕೆ ಉಪಕಾರಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಇದರ ಹಿಂದೆ ಇನ್ನೊಂದು ಗಂಟು ಉಂಟು. ‘ಹತ್ತು ವರ್ಷದಿಂದ ಶುಗರ್ ಉಂಟು’ ಅಂತ ಹೇಳುವಾಗ ಕ್ರಿಯಾಪದ ವರ್ತಮಾನದಲ್ಲಿದೆ. ಮೂರು ಭಾಷೆಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಮಾತ್ರ ಅದು ‘ಹ್ಯಾಸ್ ಹ್ಯಾಡ್’ ಆಗುತ್ತದೆ: ಹಿ ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್. ‘ಹ್ಯಾಸ್ ಹ್ಯಾಡ್’ ಕೇಳಿದರೆ ನಮ್ಮವರಿಗೆ ಏನೋ ತಪ್ಪು ಬರೆದ ಹಾಗೆ ಅನಿಸುತ್ತದೆ. ಒಂದೇ ಪದ ಎರಡು ಸಲ ಬಂತಲ್ಲ ಅಂತ ಹೊಡೆದುಹಾಕುತ್ತಾರೆ. ಅವಳೂ ಹೊಡೆಯುತ್ತಿದ್ದಳು. ಇದಕ್ಕೆ ಯಾವ ಭಾಷೆಯ ಆಧಾರವೂ ಸಿಗಲಿಲ್ಲ. ಶುಗರ್, ಬಿಪಿ, ಅಸ್ತಮಾ ಅಂತ ಒಂದೊಂದು ಕಾಯಿಲೆ ಹಾಕಿ ವಾಕ್ಯವನ್ನೇ ಬಾಯಿಗೆ ಅಂಟುವವರೆಗೆ ಹೇಳಿಸಿದ್ದು. ಅರ್ಥ ಮಾಡಿಸುವುದಕ್ಕಿಂತ ಬಾಯಿಪಾಠ ವಾಸಿ ಅನ್ನುವ ಜಾಗಗಳೂ ವ್ಯಾಕರಣದಲ್ಲಿ ಇವೆ.

ಆದದ್ದೋ, ಮಾಡಿದ್ದೋ

‘ಹಿ ಹ್ಯಾಸ್ ಅಡ್ಮಿಟೆಡ್’ನಲ್ಲಿ ಕಾಲದ ತಪ್ಪಿನ ಜೊತೆ ಇನ್ನೊಂದು ತಪ್ಪೂ ಇದೆ. ಅವನು ಯಾರನ್ನೋ ಅಡ್ಮಿಟ್ ಮಾಡಿದ ಅಂತಲೋ, ಏನನ್ನೋ ಒಪ್ಪಿಕೊಂಡ ಅಂತಲೋ ಅರ್ಥ ಬರುತ್ತದೆ. ಮೆಡಿಕಲ್ ಪತ್ರದಲ್ಲಿ ಪ್ಯಾಸಿವ್ ಎಲ್ಲ ಕಡೆ ಬೇಕು. ನಮ್ಮ ಶಾಲೆಯ ಕನ್ನಡ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗ ಅಂತ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಕಲಿಸುತ್ತಾರೆ. ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಆಡುಮಾತಿನಲ್ಲಿ ಆ ಕೆಲಸ ಮಾಡುವುದು ‘ಆಗು’. ಅಡ್ಮಿಟ್ ಮಾಡಿದರು, ಅಡ್ಮಿಟ್ ಆದ. ಡಿಸ್ಚಾರ್ಜ್ ಮಾಡಿದರು, ಡಿಸ್ಚಾರ್ಜ್ ಆದ. ‘ಆದ’ ಅಂತ ಬಂದಲ್ಲಿ ಇಂಗ್ಲಿಷಿನಲ್ಲಿ ‘ವಾಸ್’ ಹಾಕು ಅಂತ ಹೇಳಿದೆ.

ಮುಂದಿನ ಪತ್ರದಲ್ಲಿ ‘ದ ಪೇಷೆಂಟ್ ವಾಸ್ ಇಂಪ್ರೂವ್ಡ್’ ಅಂತ ಬಂತು. ಅವನಿಗೆ ವಾಸಿ ಆಯಿತಲ್ಲ, ಅದಕ್ಕೆ! ನಮ್ಮ ‘ಆಗು’ ತುಂಬ ಉದಾರಿ. ಬೇರೆಯವರು ಮಾಡಿದ್ದಕ್ಕೂ ಬರುತ್ತದೆ, ತಾನಾಗಿ ಆದದ್ದಕ್ಕೂ ಬರುತ್ತದೆ. ಆದ್ದರಿಂದ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಸೇರಿತು: ಇದನ್ನು ಯಾರಾದರೂ ಮಾಡಿದ್ದಾ? ಅಡ್ಮಿಶನ್ ಬೇರೆಯವರು ಮಾಡಿದ್ದು, ವಾಸ್. ಡ್ರೆಸ್ಸಿಂಗ್ ಬೇರೆಯವರು ಮಾಡಿದ್ದು, ವಾಸ್. ಗುಣ ಆದದ್ದು ತಾನಾಗಿ, ವಾಸ್ ಬೇಡ. ಬಿದ್ದದ್ದೂ ತಾನೇ. ಇದು ಅವಳಿಗೆ ಬೇಗ ಹಿಡಿಯಿತು. ನರ್ಸ್ ಅಲ್ವಾ, ಯಾವುದನ್ನು ಯಾರು ಮಾಡಿದರು ಅಂತ ನೆನಪಿಡುವುದೇ ಅವಳ ಕೆಲಸ.

ದ, ಎ, ಅಥವಾ ಏನೂ ಇಲ್ಲ

ಆರ್ಟಿಕಲ್ ಬಗ್ಗೆ ದೊಡ್ಡ ಮಾತು ಆಡುವುದಿಲ್ಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ತುಳುವಿನಲ್ಲಿ ಇಲ್ಲ, ಮಲಯಾಳದಲ್ಲಿಯೂ ಇಲ್ಲ. ಒಂದು ಸಣ್ಣ ಸುಳಿವು ಮಾತ್ರ ಕನ್ನಡ ಕೊಟ್ಟಿತು. ‘ಎಕ್ಸ್‌ರೇ ತೆಗೆದರು’ ಅಂತ ಹೇಳುವಾಗ ‘ಅನ್ನು’ ಬೇಕಾಗಿಲ್ಲ. ಅದೇ ಎಕ್ಸ್‌ರೇ ಮತ್ತೆ ಬಂದಾಗ ‘ಎಕ್ಸ್‌ರೇಯನ್ನು ಡಾಕ್ಟರಿಗೆ ತೋರಿಸಿದರು’ ಅನ್ನುತ್ತೇವೆ. ಜೀವ ಇಲ್ಲದ ವಸ್ತುಗಳಿಗೆ ‘ಅನ್ನು’ ಸೇರಿದರೆ ಸಾಮಾನ್ಯವಾಗಿ ‘ಗೊತ್ತಿರುವ, ಇಂಥದ್ದೇ’ ಅನ್ನುವ ಛಾಯೆ ಬರುತ್ತದೆ. ಮೊದಲನೆಯದು ‘ಆ್ಯನ್ ಎಕ್ಸ್‌ರೇ’, ಎರಡನೆಯದು ‘ದಿ ಎಕ್ಸ್‌ರೇ’. ಆದರೆ ಇದು ಕರ್ಮಪದಕ್ಕೆ ಮಾತ್ರ ಆಗುತ್ತದೆ. ಮನುಷ್ಯರ ವಿಷಯದಲ್ಲಂತೂ ಕೆಲಸಕ್ಕೆ ಬಾರದು, ಅಲ್ಲಿ ‘ಅನ್ನು’ ಯಾವಾಗಲೂ ಬೇಕು.

ಆದ್ದರಿಂದ ಉಳಿದದ್ದಕ್ಕೆ ಅಡ್ಡದಾರಿ ಹಿಡಿದೆವು. ಪೇಷೆಂಟಿನ ದೇಹದ ಭಾಗ ಬಂದರೆ ‘ಹಿಸ್’ ಅಥವಾ ‘ಹರ್’ ಹಾಕು, ಆರ್ಟಿಕಲ್ ತಲೆನೋವೇ ಇಲ್ಲ: ಹಿಸ್ ಲೆಫ್ಟ್ ನೀ. ಡಯಾಬಿಟಿಸ್, ಹೈಪರ್‌ಟೆನ್ಶನ್, ಅಸ್ತಮಾ, ನ್ಯುಮೋನಿಯಾ ಇವಕ್ಕೆ ಏನೂ ಬೇಡ. ಫ್ರ್ಯಾಕ್ಚರ್, ಸ್ಟ್ರೋಕ್, ಕಾಫ್, ಹೆಡೇಕ್ ಇವಕ್ಕೆ ‘ಎ’. ಒಂದು ಪಟ್ಟಿ ಮಾಡಿ ಫೋನಿನಲ್ಲಿ ಇಟ್ಟುಕೊಂಡಳು. ಪತ್ರದ ಕೊನೆಯಲ್ಲಿ ಬರುತ್ತಿದ್ದ ‘ಕೈಂಡ್ಲಿ ಡು ದ ನೀಡ್‌ಫುಲ್’ ಅನ್ನೂ ವಾದ ಮಾಡದೆ ತೆಗೆಸಿದೆ. ಅದರ ಬದಲು ‘ಇಟ್ ವುಡ್ ಬಿ ಅಪ್ರಿಶಿಯೇಟೆಡ್ ಇಫ್ ಯು ಕುಡ್’ ಅಂತ ಶುರುಮಾಡಿ ಏನು ಬೇಕೋ ಅದನ್ನು ಕೇಳುವುದು. ‘ಡಿಸ್ಕಸ್ಡ್ ಅಬೌಟ್’, ‘ಇನ್‌ಫಾರ್ಮ್ಡ್ ಟು’ ಇವೆರಡನ್ನು ಗೋಡೆಗೆ ಬರೆದು ಅಂಟಿಸಿದ್ದಾಳಂತೆ, ಮೇಲೆ ಅಡ್ಡಗೆರೆ ಎಳೆದು.

ತಿದ್ದಿದ ರೀತಿ

ಒಂದು ಹೊತ್ತಿನಲ್ಲಿ ಒಂದೇ ಗುಂಪಿನ ತಪ್ಪು. ಕಾಲದ ವಾರದಲ್ಲಿ ಆರ್ಟಿಕಲ್ ಎಷ್ಟು ತಪ್ಪಿದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಉತ್ತರವನ್ನೂ ಬರೆದುಕೊಡುತ್ತಿರಲಿಲ್ಲ. ಸಾಲಿನ ಬದಿಯಲ್ಲಿ ಒಂದು ಚುಕ್ಕೆ ಇಡುವುದು, ಆ ಸಾಲಿನಲ್ಲಿ ಎಲ್ಲೋ ಉಂಟು, ಹುಡುಕು ಅಂತ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ದುಡ್ಡು ಕೊಟ್ಟು ಬಂದವರಿಗೆ ಚುಕ್ಕೆ ಮಾತ್ರ ಸಿಕ್ಕಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಇದರ ಬಗ್ಗೆ ಪಂಡಿತರಲ್ಲೂ ಜಗಳ ಉಂಟು. ಎರಡನೇ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದರಿಂದ ಪ್ರಯೋಜನ ಇಲ್ಲ, ಬಿಟ್ಟುಬಿಡಿ ಅಂತ 1996ರಲ್ಲಿ ಜಾನ್ ಟ್ರಸ್ಕಾಟ್ ವಾದಿಸಿದರು. ಡಾನಾ ಫೆರಿಸ್ 1999ರಲ್ಲಿ ಅದಕ್ಕೆ ಉತ್ತರ ಕೊಟ್ಟರು. ನಿಯಮಕ್ಕೆ ಸಿಗುವ ತಪ್ಪು ಬೇರೆ, ಸಿಗದ ತಪ್ಪು ಬೇರೆ, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅನ್ನುವುದು ಅವರ ವಾದದ ಒಂದು ಮುಖ್ಯ ಭಾಗ. ಈ ಪ್ರಕರಣದ ಮಟ್ಟಿಗೆ ನಾನು ಫೆರಿಸ್ ಕಡೆ. ಬತ್ತೆ, ಬೈದೆ ನಿಯಮಕ್ಕೆ ಸಿಕ್ಕಿತು, ಚುಕ್ಕೆ ಇಟ್ಟದ್ದು ಸಾರ್ಥಕ ಆಯಿತು. ‘ಡಿಸ್ಕಸ್ಡ್ ಅಬೌಟ್’ ಯಾಕೆ ತಪ್ಪು ಅಂತ ಕೇಳಿದರೆ ಅವಳಿಗೆ ಕೊಡಲಿಕ್ಕೆ ನನ್ನ ಹತ್ತಿರ ನಿಯಮ ಇಲ್ಲ. ಅಂಥಲ್ಲಿ ಚುಕ್ಕೆ ಇಟ್ಟು ಹುಡುಕು ಅನ್ನುವುದು ಸುಮ್ನೆ ಸತಾಯಿಸಿದ ಹಾಗೆ. ಸರಿಯಾದದ್ದನ್ನು ಬರೆದುಕೊಟ್ಟು ಮುಂದೆ ಹೋಗುವುದೇ ಲೇಸು.

ಕೊನೆಕೊನೆಗೆ ಅಡಿಕೆ ಮರದ ಕೇಸನ್ನೇ ಮತ್ತೊಮ್ಮೆ ಬರೆಸಿದೆ, ಗಡಿಯಾರ ಇಟ್ಟು. “ಹಿ ಫೆಲ್ ಫ್ರಮ್ ಆ್ಯನ್ ಅರೆಕಾ ಪಾಮ್ ಆನ್ ಥರ್ಡ್ ಜುಲೈ ಆ್ಯಂಡ್ ವಾಸ್ ಅಡ್ಮಿಟೆಡ್ ಆನ್ ದ ಸೇಮ್ ಡೇ. ಹಿ ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್. ಎಕ್ಸ್‌ರೇ ವಾಸ್ ಟೇಕನ್. ಹಿ ಹ್ಯಾಸ್ ಬೀನ್ ವಾಕಿಂಗ್ ವಿತ್ ವಾಕರ್ ಸಿನ್ಸ್ ಮಂಡೇ.” ಕಾಲ ಎಲ್ಲ ಸರಿ. ಪ್ಯಾಸಿವ್ ಸರಿ. ಸಿನ್ಸ್, ಫಾರ್ ಸರಿ. ಎಕ್ಸ್‌ರೇಗೂ ವಾಕರಿಗೂ ಆರ್ಟಿಕಲ್ ಇಲ್ಲ.

ಮುಂದಿನ ಪರೀಕ್ಷೆಯಲ್ಲಿ ಬರವಣಿಗೆಗೆ 320 ಬಂತು. ಸಿ ಪ್ಲಸ್. ಉಳಿದ ಮೂರರಲ್ಲಿ ಈ ಸಲವೂ ಬಿ. ಯುಕೆಗೆ ಇಷ್ಟು ಸಾಕು, 350 ಬೇಕಿದ್ದರೆ ಸಾಲುತ್ತಿರಲಿಲ್ಲ. ಮಧ್ಯದ ಆ ಮೂವತ್ತು ಅಂಕದಲ್ಲಿ ಆರ್ಟಿಕಲ್ ಪಾಲು ದೊಡ್ಡದೇ ಇರಬಹುದು ಅಂತ ನನ್ನ ಲೆಕ್ಕ. ಅದಕ್ಕೆ ಪಟ್ಟಿ, ನಿಯಮ ಇವುಗಳಿಗಿಂತ ದಿನಾ ಪೂರ್ತಿ ವಾಕ್ಯದ ಇಂಗ್ಲಿಷ್ ಓದುವುದೇ ಮದ್ದು. ಒಂದು ಇಂಗ್ಲಿಷ್ ಪೇಪರು ಹಿಡಿದು ಒಂದು ಪ್ಯಾರಾದಲ್ಲಿ ಬಂದ ‘ದ’ ಎಲ್ಲದಕ್ಕೂ ಗೋಲ ಹಾಕು ಅಂತ ಹೇಳಿದ್ದೇನೆ. ಪೇಪರ್ ವರ್ಕಿನ ಗಡಿಬಿಡಿಯಲ್ಲಿ ಇದ್ದಾಳೆ. ಮಾಡುತ್ತೇನೆ ಅಂದಿದ್ದಾಳೆ.